ಮಾದರಿ ಕೀಲು

ಸ್ಟೋರ್ ರೂಮಿನ ಗಾಜಿನ ಬೀರು ತೆರೆದಿತ್ತು. ಒಳಗೆ ಮರದ ಡಬ್ಬಿ ಇತ್ತು. ಡಬ್ಬಿಯೊಳಗೆ ಇರಬೇಕಾದ್ದು ಇರಲಿಲ್ಲ.

"ಮಾದರಿ ಕೀಲು ಹೋಯ್ತು ಸಾರ್!" ವರ್ಕ್‌ಶಾಪಿನ ಯಜಮಾನ ತಲೆ ಮೇಲೆ ಕೈಹೊತ್ತು ಕೂತಿದ್ದ. "ಮಧ್ಯಾಹ್ನ ಕಾರ್ ಕಂಪನಿ ಆಫೀಸರ್ ಬರ್ತಾರೆ. ಅದಿಲ್ದಿದ್ರೆ ಆರ್ಡರ್ ಹೋದ ಹಾಗೇ."

ನನ್ನ ಮಾವ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ಅವರ ಮೂಗು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಅಳಿಯನಾದ ತಪ್ಪಿಗೆ ನಾನು ಅವರ ಸ್ಕೂಟರ್ ಚಾಲಕ.

ಆ ಬೀದಿಗೆ ಕಾರ್ ಕಾರ್ಖಾನೆಯೇ ಅನ್ನದಾತ. ಕಾರ್ಖಾನೆ ಊರಾಚೆ, ಅದಕ್ಕೆ ಬೇಕಾದ ಚಿಲ್ಲರೆ ಭಾಗಗಳು ಇಲ್ಲಿನ ಶೆಡ್ಡುಗಳಲ್ಲಿ. ಒಬ್ಬರದು ಸೀಟಿನ ಸ್ಪ್ರಿಂಗ್, ಇವರದು ಬಾಗಿಲ ಕೀಲು. ಕಾರಿನ ಬಾಗಿಲನ್ನು ಹಿಡಿದಿಡುವ ಬೆರಳುದ್ದದ ಉಕ್ಕಿನ ಕಡ್ಡಿ ಅದು. ಎದುರಿನ ಚಹಾದಂಗಡಿಯವನ ಒಲೆ ಉರಿಯುವುದೂ ಇದರಿಂದಲೇ. ಯಜಮಾನನ ಅಪ್ಪನ ಕಾಲದಲ್ಲಿ ಕಂಪನಿ ಒಪ್ಪಿ ಕೊಟ್ಟ ಮಾದರಿಗೆ ಹೋಲಿಸಿಯೇ ಪ್ರತಿ ಹೊಸ ಕೀಲಿನ ದಪ್ಪ ನೋಡುತ್ತಿದ್ದರು.

"ಯಾರ ಮೇಲಾದ್ರೂ ಅನುಮಾನ?" ಮಾವ ಕೇಳಿದರು.

"ಇನ್ಯಾರ ಮೇಲೆ? ನನ್ನ ಭಾವಮೈದ! ಜಗಳ ಆಡ್ಕೊಂಡು ಹೋಗಿ ಹಿಂದಿನ ಬೀದೀಲಿ ಇದೇ ಕೀಲಿನ ಶೆಡ್ ಹಾಕಿದಾನೆ. ಹಳೇ ಬೀಗದ ಕೈ ಇನ್ನೂ ಅವನ ಹತ್ರಾನೇ ಇದೆ. ನಿನ್ನೆ ಸಂಜೆ ಇಲ್ಲಿಗೆ ಬಂದೂ ಇದ್ದ. ನೋಡಿ, ಗಾಜಿನ ಮೇಲೆ ಒಂದು ಬೆರಳಿನ ಗುರುತೂ ಇಲ್ಲ. ಎಲ್ಲಾ ಒರೆಸಿ ಹೋಗಿದಾನೆ."

ಭಾವಮೈದನನ್ನು ಕರೆಸಿದರು.

"ನಿನ್ನೆ ಸಂಜೆ ಯಾಕಪ್ಪ ಬಂದಿದ್ದೆ?"

"ರಾಜಿ ಆಗೋಣ ಅಂತ. ಭಾವ ಬಾಗಿಲಲ್ಲೇ ಬೈದು ಕಳಿಸಿದ್ರು. ನಾನು ಕಳ್ಳ ಅಲ್ಲ ಸಾರ್!"

"ಕುಂಬಳಕಾಯಿ ಕಳ್ಳ ಹೆಗಲು ಮುಟ್ಕೊಂಡ, ನೋಡಿ ಮಾವ," ಎಂದು ಪಿಸುಗುಟ್ಟಿದೆ.

"ಅವನ ಹೆಗಲು ಬಿಡಿ ಅಳಿಯಂದಿರೇ. ಈ ಡಬ್ಬಿ ನೋಡಿ."

ಡಬ್ಬಿಯೊಳಗಿನ ಮೆತ್ತನೆ ಬಟ್ಟೆಗೆ ಬೆರಳು ಒತ್ತಿ ತೋರಿಸಿದರು. ಬೆರಳು ಕಪ್ಪಾಗಿತ್ತು. ನನಗದು ಬರೀ ಕೊಳೆಯಾಗಿ ಕಂಡಿತು.

ಸ್ಟೋರ್ ನೋಡಿಕೊಳ್ಳುವುದು ಯಜಮಾನನ ಅಕ್ಕ. ಬಾಗಿಲಿಗೆ ಒರಗಿ ನಿಂತಿದ್ದರು.

"ಮಾದರಿ ಒರೆಸ್ತಿದ್ದೋರು ಯಾರಮ್ಮ?"

"ನಾನೇ. ದಿನಾ. ಇದಕ್ಕೆ ತುಕ್ಕು ಹಿಡಿದ್ರೆ ನಮ್ಮನೆಗೇ ತುಕ್ಕು ಹಿಡಿದ ಹಾಗೆ ಅಂತಿದ್ರು ಅಪ್ಪ."

"ಬಟ್ಟೇಲಾ?"

ಅಕ್ಕ ತಲೆ ತಗ್ಗಿಸಿದರು. "ತುಕ್ಕು ಉಜ್ಜೋ ನಯವಾದ ಎಮರಿ ಕಾಗದದಲ್ಲಿ."

ಮಾವ ಯಜಮಾನನತ್ತ ತಿರುಗಿದರು. "ಆಫೀಸರ್ ಯಾಕೆ ಬರ್ತಿರೋದು?"

"ಕಾರಿನ ಬಾಗಿಲು ಸಡಿಲ ಆಗ್ತಿವೆಯಂತೆ. ಮಾದರೀನೇ ಅಳೆದು ನೋಡ್ತಾರಂತೆ. ನಿನ್ನೆ ಅಕ್ಕನಿಗೆ ಫೋನ್ ಮಾಡಿದ್ರು."

ಮಾವ ಕಪ್ಪಾದ ಬೆರಳನ್ನು ಮತ್ತೆ ಎತ್ತಿ ತೋರಿಸಿದರು. ನಿಧಾನವಾಗಿ ಹೇಳಿದರು:

"ಬಟ್ಟೇಲಿ ಒರೆಸಿದ್ರೆ ಉಕ್ಕು ಪುಡಿ ಬಿಡೋಲ್ಲ. ಈ ಕಪ್ಪು ಉಕ್ಕಿನ ಪುಡಿ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಮಾದರಿಯೇ ಸವೆದಿದೆ. ಅದನ್ನ ನೋಡಿ ಮಾಡಿದ ಕೀಲುಗಳೂ ತೆಳ್ಳಗಾಗಿವೆ. ಕಳ್ಳ ಗುರುತು ಅಳಿಸಿದ ಅಂದ್ರಿ. ಅಲ್ಲ. ಒರೆಸಿ ಒರೆಸಿ ರೂಢಿಯಾದ ಕೈ ಅದು, ಕದ್ದ ಮೇಲೂ ಗಾಜು ಒರೆಸಿದೆ. ಅಳತೆ ಆಗ್ಬಾರ್ದು ಅಂತ ಬಚ್ಚಿಟ್ಟೋರು ನೀವೇ ಅಲ್ವೇನಮ್ಮ?"

ಅಕ್ಕ ಮೂಲೆಯ ಚಿಂದಿ ಬುಟ್ಟಿಗೆ ಕೈಹಾಕಿ ಕೀಲು ತೆಗೆದರು. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಭಾವಮೈದನ ಮುಖ ಬಿಳಿಚಿತು. "ಅಯ್ಯೋ, ನನ್ನ ಶೆಡ್ಡಿನ ಅಳತೇನೂ ಇದರದ್ದೇ!"

ಯಜಮಾನ ಮಾವನ ಕೈ ಹಿಡಿದ. "ಸಾರ್, ಸಿಗಲೇ ಇಲ್ಲ ಅಂದುಬಿಟ್ರೆ? ಇಡೀ ಬೀದಿ ಹೊಟ್ಟೆಪಾಡು ಇದು..."

"ಬೇಡ ಕಣೋ," ಎಂದರು ಅಕ್ಕ. "ಬಾಗಿಲು ಕಳಚಿ ಯಾರದೋ ಮಗು ರಸ್ತೆಗೆ ಬಿದ್ರೆ? ಕೊಟ್ಟುಬಿಡು."

ಮಧ್ಯಾಹ್ನ ಆಫೀಸರ್ ಬಂದು ಅಳೆದರು. ತಲೆಯಾಡಿಸಿ ಕೀಲನ್ನು ಚೀಲಕ್ಕೆ ಹಾಕಿಕೊಂಡರು. ಆರ್ಡರ್ ಅಂದೇ ನಿಂತಿತು. ಕಳ್ಳರನ್ನು ಹಿಡಿದಾಗ ಮೀಸೆ ತಿರುವುತ್ತಿದ್ದ ಮಾವ ಅವತ್ತು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

ಹೊರಡುವಾಗ ಅಕ್ಕ ಕೇಳಿದರು:

"ಇದನ್ನ ಮುಟ್ಟದೇ ಇಡು ಅಂತ ಇಷ್ಟು ವರ್ಷದಲ್ಲಿ ಯಾರಾದ್ರೂ ಒಬ್ರು ಹೇಳಬಾರ್ದಿತ್ತಾ? ಎಲ್ಲರೂ ಎಷ್ಟು ಚೆನ್ನಾಗಿ ಹೊಳೀತಿದೆ ಅಂತಾನೇ ಅಂದ್ರಲ್ಲ."

ಎದುರಿನ ಚಹಾದಂಗಡಿಯವನಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಎಂದಿನಂತೆ ಸಂಜೆ ಪಾಳಿಯವರಿಗೆಂದು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಲು ಇಟ್ಟಿದ್ದ.