ಬೂದು ಕಲ್ಲು, ಕೆಂಪು ಗೆರೆ

ಕಲ್ಲು ಸಿಕ್ಕಿತೆಂದು ಕುಣಿಯುವ ವಯಸ್ಸೂ ಅಲ್ಲ, ಕುಣಿಯಲು ಮಂಡಿಯೂ ಇಲ್ಲ. ಭೂವಿಜ್ಞಾನಿ ಬಂಡೆಗೆ ಒರಗಿ ಕೂತು, ಅಂಗೈಯಲ್ಲಿದ್ದ ಬೂದು ಚೂರನ್ನು ನೋಡಿ ನಿಟ್ಟುಸಿರು ಬಿಟ್ಟಳು. ದೇವರೇ, ಇದು ಬರೀ ಸೀಸದ ಅದಿರಾಗಿರಲಿ.

ಸೀಸವಾದರೆ ಅದಿರು ಹುಡುಕುವ ಈ ಶಿಬಿರ ಮುಚ್ಚುತ್ತದೆ, ಎಲ್ಲರೂ ಊರಿಗೆ. ಬೆಳ್ಳಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಅಪರೂಪದ ಪೈರಾರ್ಗೈರೈಟ್ ಆದರೆ ಶಿಬಿರ ಮುಂದುವರಿಯುತ್ತದೆ, ಮುಖ್ಯಸ್ಥ ಇಲ್ಲೇ ಉಳಿಯಬೇಕು. ಅವಳಂತೂ ಹೊರಡಲೇಬೇಕು. ಗುಡ್ಡ ಹತ್ತಿದ್ದು ಸಾಕು ಎಂದು ಡಾಕ್ಟರ್ ಕಡ್ಡಿ ಮುರಿದಂತೆ ಹೇಳಿದ್ದಾರೆ. ಬರುವಾಗ ಆ ಭೂತಗನ್ನಡಿಯನ್ನೂ ಗಂಟು ಕಟ್ಟಿಕೊಂಡು ಬಾ ಎಂದು ಅಕ್ಕ ಫೋನಿನಲ್ಲಿ ಕಿಚಾಯಿಸಿದ್ದಳು. ಕೊರಳಿನಿಂದ ಲೆನ್ಸ್ ತೆಗೆಯದ ಮುಖ್ಯಸ್ಥನಿಗೆ ಶಿಬಿರದವರು ಇಟ್ಟ ಹೆಸರದು. ಇಷ್ಟು ವರ್ಷ ಜೊತೆಗೆ ಅಲೆದರೂ ಅವನ ಮುಂದೆ ಮನಸ್ಸು ಬಿಚ್ಚಲು ಅವಳಿಗೆ ಧೈರ್ಯ ಬಂದಿರಲಿಲ್ಲ.

ಕಲ್ಲು ಗುರುತಿಸುವುದಕ್ಕೆ ಅವರಿಬ್ಬರದ್ದೇ ಒಂದು ಪದ್ಧತಿಯಿತ್ತು. ಒಂದೊಂದು ಚೂರು ಹಿಡಿದು, ಬೆನ್ನಿಗೆ ಬೆನ್ನು ಕೊಟ್ಟು ಕೂತು, ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಒಬ್ಬರ ಆಸೆ ಇನ್ನೊಬ್ಬರ ಕಣ್ಣಿಗೆ ಅಂಟಬಾರದು ಎಂದು ಅವನೇ ಮಾಡಿದ ನಿಯಮ. ಅವನು ಬಂದ, ಇಬ್ಬರೂ ಕೂತರು. ಬಿಸಿಲಿಗೆ ಕಾದ ಅವನ ಅಂಗಿ ಅವಳ ಬೆನ್ನಿಗೆ ತಾಗಿತು. ಇನ್ನು ಇದೂ ಇಲ್ಲ ಎಂದು ಅವಳು ಬೇಕೆಂದೇ ನಿಧಾನಿಸಿದಳು.

ತೆಳುವಾದ ಅಂಚನ್ನು ಬೆಳಕಿಗೆ ಹಿಡಿದಾಗ ಬೂದಿನೊಳಗಿಂದ ಕಡುಗೆಂಪು ಇಣುಕಿತು. ಗೆರೆಯ ಬಣ್ಣ ನೋಡಲು ಒರಟಾದ ಬಿಳಿ ಪಿಂಗಾಣಿ ಬಿಲ್ಲೆಗೆ ಉಜ್ಜಿದಳು. ಸೀಸವಾದರೆ ಬೂದು ಗೆರೆ ಬೀಳಬೇಕು, ಬಿದ್ದದ್ದು ಕೆಂಪು. ಸುಳ್ಳು ಹೇಳಿಬಿಡಲೇ ಅನ್ನಿಸಿತು. ನಾಲಿಗೆ ಏಳಲಿಲ್ಲ.

"ಪೈರಾರ್ಗೈರೈಟ್," ಅಂದಳು ಸೋತ ದನಿಯಲ್ಲಿ.

"ಸೀಸ," ಅಂದ ಅವನು.

ಅವಳು ಗಕ್ಕನೆ ತಿರುಗಿ ಅವನ ಬಿಲ್ಲೆ ಕಿತ್ತುಕೊಂಡಳು. ಅಲ್ಲೂ ಕೆಂಪು ಗೆರೆ. ಒರೆಸಲು ಹೋಗಿ ಅವನ ಹೆಬ್ಬೆರಳೂ ಕೆಂಪಾಗಿತ್ತು. ಐವತ್ತು ದಾಟಿದ ಮನುಷ್ಯ ಮಾವಿನಕಾಯಿ ಕದ್ದು ಸಿಕ್ಕಿಬಿದ್ದವನ ಹಾಗೆ ನೆಲ ನೋಡುತ್ತಿದ್ದ.

"ಕಲ್ಲಿನ ವಿಷಯದಲ್ಲಿ ನೀವು ಸುಳ್ಳು ಹೇಳ್ತೀರಾ?"

"ಶಿಬಿರ ಮುಚ್ಚಿದ್ರೆ ನಾನೂ ನಿಮ್ಮ ಜೊತೆ ಇಳೀಬಹುದು ಅಂತ..." ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ನೀವಿಲ್ದೆ ಈ ಗುಡ್ಡದಲ್ಲಿ ನನಗೇನಿದೆ ಮೇಡಂ? ನನಗೂ ಸಾಕಾಗಿದೆ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡಕ್ಕೂ ತ್ರಾಣವಿರಲಿಲ್ಲ.

"ಅದಕ್ಕೆ ಪಾಪ ಆ ಕಲ್ಲನ್ನ ಯಾಕೆ ಸೀಸ ಮಾಡ್ತೀರಿ? ನಿಜಾನೇ ಹೇಳಿ. ಇನ್ಯಾರಾದ್ರೂ ಬಂದು ಅಗೀಲಿ. ನೀವು ನನ್ನ ಜೊತೆ ಬನ್ನಿ. ನಾನೇ ಕರೀತಿದೀನಿ."

ಅವನು ಕನ್ನಡಕ ಮತ್ತೆ ಹಾಕಿಕೊಂಡ. ಆಮೇಲೆ ಆಫೀಸಿಗೆ ಫೋನ್ ಮಾಡಿ ಬೆಳ್ಳಿ ಅದಿರು ಸಿಕ್ಕಿದೆ ಎಂದ. ಆ ಕಡೆಯ ಗದ್ದಲ ಇಳಿಯುವವರೆಗೆ ಕಾದು, ಬೇರೆ ಮುಖ್ಯಸ್ಥನನ್ನು ಹುಡುಕಿಕೊಳ್ಳಿ ಎಂದ. ಯಾಕೆಂದು ಕೇಳಿರಬೇಕು.

"ಮದುವೆ ಆಗ್ತಿದೀನಿ," ಅಂದ. ಅವಳತ್ತ ನೋಡಿ ತಡವರಿಸಿದ. "ಅವರು ಒಪ್ಪಿದ್ರೆ."

ಅವಳು ಅವನ ಕೈಯಿಂದ ಫೋನ್ ತೆಗೆದುಕೊಂಡು, "ಒಪ್ಪಿದ್ದಾರೆ," ಎಂದು ಹೇಳಿ ಕಟ್ ಮಾಡಿದಳು.