ಸೇಬಿನ ಚಿತ್ರದ ಬಾಟಲಿ

“ಅಮ್ಮಾ, ಬಾಲ್ಕನಿಯಲ್ಲಿದ್ದ ನನ್ನ ಬಾಟಲಿ ಎಲ್ಲಿ?”

ಅಮ್ಮ ಒದ್ದೆ ಬಟ್ಟೆ ಕೊಡವಿ ಹಗ್ಗಕ್ಕೆ ಹಾಕುತ್ತಿದ್ದಳು. “ಯಾವುದು, ಆ ಆ್ಯಪಲ್ ಜ್ಯೂಸಾ? ಬಿಸಿಲಲ್ಲಿಟ್ರೆ ಕೆಡಲ್ವಾ? ಫ್ರಿಜ್ಜಲ್ಲಿ ಇಟ್ಟಿದ್ದೀನಿ. ನೀನು ಕಂಡಕಂಡಲ್ಲಿ ಬಿಟ್ಟು ಬರೋದು, ನಾನು ಎತ್ತಿಡೋದು. ಎಲ್ಲಾ ನನ್ನ ಹಣೆಬರಹ.”

ಗಡಿಬಿಡಿ ಫ್ರಿಜ್ಜಿನತ್ತ ಓಡಿದಳು.

ಗಡಿಬಿಡಿ ಅನ್ನುವುದು ಅವಳಿಗೆ ಮಾವ ಇಟ್ಟ ಅಡ್ಡಹೆಸರು. ಎಡಗಾಲಿನ ಶೂ ಬಲಗಾಲಿಗೆ ತುರುಕಿಕೊಂಡು ಸ್ಕೂಲ್ ಗೇಟಿನ ತನಕ ಓಡಿದವಳಿಗೆ ಬೇರೆ ಯಾವ ಹೆಸರು ತಾನೇ ಹೊಂದೀತು?

ಬಾಟಲಿಯ ಮೇಲೆ ಸೇಬಿನ ಚಿತ್ರವೇನೋ ಇತ್ತು. ಒಳಗಿದ್ದದ್ದು ಎರೆಜಲ. ಸ್ಕೂಲಿನ ತೋಟದಲ್ಲಿ ಎರೆಹುಳುಗಳ ತೊಟ್ಟಿಯಿದೆ. ಮೇಲಿನಿಂದ ನೀರು ಚಿಮುಕಿಸಿದರೆ ಅದು ಸಗಣಿ, ಕೊಳೆತ ಎಲೆ, ಹುಳುಗಳ ನಡುವೆ ಇಳಿದು, ಕೆಳಗಿನ ನಲ್ಲಿಯಿಂದ ಹೊಂಬಣ್ಣದ ನೀರಾಗಿ ತೊಟ್ಟಿಕ್ಕುತ್ತದೆ. ನೋಡಲು ಥೇಟ್ ಜ್ಯೂಸ್. ಅಂಥ ವಾಸನೆಯೂ ಇಲ್ಲ. ಗಿಡಗಳಿಗೆ ಮಾತ್ರ ಬಲು ಒಳ್ಳೆಯ ಗೊಬ್ಬರ.

ತೋಟದ ಮಿಸ್ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಡುತ್ತಾ ಹೇಳಿದ್ದರು: “ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ. ಬುಡಕ್ಕೆ ಹಾಕಿ, ಕಾಯಿ ಮೇಲೆ ಬೇಡ. ಆಮೇಲೆ ಸೋಪು ಹಚ್ಚಿ ಕೈ ತೊಳೀರಿ. ಕುಡಿಯೋ ಬಾಟಲಿಗೆ ಮಾತ್ರ ಯಾರೂ ತುಂಬಿಸ್ಬೇಡಿ.”

ಮಿಸ್ ಈ ಕೊನೆಯ ಮಾತಿಗೆ ಬರುವಷ್ಟರಲ್ಲಿ ಗಡಿಬಿಡಿಯ ಜ್ಯೂಸ್ ಬಾಟಲಿ ಕತ್ತಿನ ತನಕ ತುಂಬಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ. ‘ಒಳಗೇನಿದೆ ಅಂತ ನನಗೆ ಗೊತ್ತಲ್ಲ’ ಎಂದುಕೊಂಡು ಬ್ಯಾಗಿಗೆ ಹಾಕಿಕೊಂಡಿದ್ದಳು.

ಈಗ ಫ್ರಿಜ್ ತೆಗೆದರೆ ಹಾಲಿತ್ತು, ಅರ್ಧ ನಿಂಬೆಹಣ್ಣಿತ್ತು. ಬಾಟಲಿ ಇರಲಿಲ್ಲ.

“ಅಯ್ಯೋ, ಮರೆತೆ. ಮಾವ ತಗೊಂಡು ಹೋದ,” ಎಂದಳು ಅಮ್ಮ. “ಪಿಳ್ಳೆಗೆ ಕಟಿಂಗ್ ಮಾಡ್ಸೋಕೆ. ಅಳದೆ ಕೂತ್ರೆ ಜ್ಯೂಸ್ ಅಂತ ಆಸೆ ತೋರಿಸಿದ್ದಾನೆ.”

ಪಿಳ್ಳೆ ಎಂದರೆ ಅವಳ ತಮ್ಮ. ಇನ್ನೂ ಸ್ಕೂಲಿಗೆ ಸೇರಿಲ್ಲ. ಕತ್ತರಿ ಕಂಡರೆ ಅತ್ತು ಊರು ಒಂದು ಮಾಡುತ್ತಾನೆ.

ಅಮ್ಮನಿಗೆ ಆಗಲೇ ಹೇಳಬಹುದಿತ್ತು. ಆದರೆ ಗಡಿಬಿಡಿಗೆ ತನ್ನ ಗಿಡದ ನೆನಪಾಯಿತು. ಬಾಲ್ಕನಿಯ ಹಳೇ ಬಕೆಟ್‌ನಲ್ಲಿ ಅವಳ ಟೊಮೆಟೊ ಗಿಡವಿತ್ತು. ಅದರಲ್ಲಿ ಗೋಲಿಯಷ್ಟು ಗಾತ್ರದ ಕಾಯಿಗಳು ಈಗಷ್ಟೇ ಬಂದಿದ್ದವು. ಹೋದ ವಾರ ಅದರ ಕೆಸರು ನೀರು ಕೆಳಗಿನ ಮನೆಯವರ ಬಿಳಿ ಬೆಡ್‌ಶೀಟಿನ ಮೇಲೆ ಸೋರಿದಾಗ, “ಇನ್ನೊಂದು ರಗಳೆ ಆದ್ರೆ ಗಿಡ, ಬಕೆಟ್ ಎರಡೂ ಮನೆಯಿಂದಾಚೆ,” ಎಂದಿದ್ದಳು ಅಮ್ಮ. ಯಾರಿಗೂ ಗೊತ್ತಾಗದ ಹಾಗೆ ಬಾಟಲಿ ಇಸ್ಕೊಂಡು ಬಂದರಾಯಿತು ಎಂದು ಗಡಿಬಿಡಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಕಟಿಂಗ್ ಶಾಪಿನ ಕುರ್ಚಿಗೆ ಅಡ್ಡ ಹಲಗೆ ಹಾಕಿ ಪಿಳ್ಳೆಯನ್ನು ಕೂರಿಸಿದ್ದರು. ಕತ್ತಿನ ತನಕ ಬಿಳಿ ಬಟ್ಟೆ. ಕಣ್ಣು ತುಂಬ ನೀರು. ಆದರೆ ಬಾಯಿ ಬಿಗಿದುಕೊಂಡು, ಕನ್ನಡಿಯ ಕೆಳಗಿಟ್ಟಿದ್ದ ಬಾಟಲಿಯನ್ನೇ ದಿಟ್ಟಿಸುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಒಬ್ಬ ತಾತ ಮುಖವೆಲ್ಲ ನೊರೆ ಮಾಡಿಕೊಂಡು ಶೇವಿಂಗಿಗೆ ಕಾಯುತ್ತಿದ್ದರು. ಮಾವ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ.

“ಬಂದಳಪ್ಪ, ಪಾಲು ಕೇಳೋಕೆ,” ಎಂದ ಮಾವ.

“ಅದು ನನ್ನ ಬಾಟಲಿ. ಕೊಡು ಮಾವ.”

“ಪಾಪ, ಆ ಮಗು ಇಷ್ಟು ಹೊತ್ತು ಅಳು ನುಂಗ್ಕೊಂಡು ಕೂತಿದೆ. ಅದರ ಬಾಯಿಂದ ಕಿತ್ಕೋತೀಯಾ?”

“ಅಲ್ಲ, ಅದು ಕೆಟ್ಟು ಹೋಗಿದೆ.”

“ಏನೂ ಕೆಟ್ಟಿಲ್ಲ. ದಾರೀಲಿ ನಾನೇ ಒಂದು ಗುಟುಕು ಕುಡಿದು ನೋಡ್ದೆ. ಸಿಹಿ ಸ್ವಲ್ಪ ಕಮ್ಮಿ. ಕಂಪನಿಯವರು ಸಕ್ಕರೆ ಉಳಿಸ್ತಿದ್ದಾರೆ.”

ಗಡಿಬಿಡಿ ಒಮ್ಮೆ ಮಾವನನ್ನು, ಒಮ್ಮೆ ಬಾಟಲಿಯನ್ನು ನೋಡಿದಳು. ಹೇಳಿದರೆ ಗಿಡ ಹೋಗುತ್ತದೆ, ಹೇಳದಿದ್ದರೆ... ಅವಳಿಗೆ ಅದು ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಯಿತು.

“ಮುಗೀತು ರಾಜ,” ಎಂದು ಅಂಗಡಿಯವನು ಪಿಳ್ಳೆಯ ಕತ್ತಿನ ಕೂದಲು ಒರೆಸಿದ. ಬಾಟಲಿಯ ಮುಚ್ಚಳ ತಿರುಗಿಸಿ ಅವನ ಕೈಗೆ ಕೊಟ್ಟೇಬಿಟ್ಟ. ಪಿಳ್ಳೆ ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಎತ್ತಿದ.

ಗಡಿಬಿಡಿ ಹಾರಿಹೋಗಿ ಬಾಟಲಿ ಕಿತ್ತುಕೊಂಡಳು. ಅರ್ಧ ಬಿಳಿ ಬಟ್ಟೆಯ ಮೇಲೆ ಚೆಲ್ಲಿತು.

“ಇದು ಜ್ಯೂಸ್ ಅಲ್ಲ. ಗೊಬ್ಬರ. ಎರೆಹುಳದ ತೊಟ್ಟಿ ನೀರು, ಸಗಣಿ ಎಲ್ಲಾ ಇದೆ. ನಾನೇ ತುಂಬ್ಸಿದ್ದು,” ಎಂದು ಒಂದೇ ಉಸಿರಿಗೆ ಹೇಳಿದಳು.

ಅಂಗಡಿಯವನು ಒದ್ದೆಯಾದ ಬಿಳಿ ಬಟ್ಟೆಯನ್ನು ಬೆರಳ ತುದಿಯಲ್ಲಿ ಎತ್ತಿ ಪಕ್ಕಕ್ಕಿಟ್ಟ.

“ಹಾಗಾದ್ರೆ ಸಿಹಿ ಎಲ್ಲಿಂದ ಬರ್ಬೇಕು, ಪಾಪ,” ಎಂದರು ನೊರೆಯ ತಾತ.

ಮಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಎದ್ದವನೇ ಬೇಸಿನ್ನಿನ ಹತ್ತಿರ ಓಡಿ ಬಾಯಿ ಮುಕ್ಕಳಿಸಿದ, ಮತ್ತೆ ಮುಕ್ಕಳಿಸಿದ. ಇತ್ತ ಪಿಳ್ಳೆ ಅಷ್ಟು ಹೊತ್ತು ಕೂಡಿಟ್ಟಿದ್ದ ಅಳುವನ್ನೆಲ್ಲ ಒಟ್ಟಿಗೆ ಹೊರಗೆ ಬಿಟ್ಟ. ಬೀದಿಯ ಆ ತುದಿಯಲ್ಲಿದ್ದ ನಾಯಿಯೂ ಎದ್ದು ನಿಂತು ನೋಡಿತು.

ಮನೆಗೆ ಬಂದ ಮೇಲೆ ಅಮ್ಮ ಡಾಕ್ಟರಿಗೆ ಫೋನ್ ಮಾಡಿದಳು. ಒಂದೇ ಗುಟುಕಾದರೆ ಗಾಬರಿ ಬೇಡ, ಹೊಟ್ಟೆನೋವೋ ವಾಂತಿಯೋ ಶುರುವಾದರೆ ತಕ್ಷಣ ಕರೆತನ್ನಿ ಎಂದರಂತೆ. ಅಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಗಡಿಬಿಡಿಗೆ. ತಾನೇ ಹೋಗಿ ಗಿಡದ ಬಕೆಟ್ ಎತ್ತಲು ಬಗ್ಗಿದಳು.

“ಅದನ್ಯಾಕೆ ಎತ್ತುತ್ತೀಯ? ಗಿಡ ಏನು ಮಾಡ್ತು?” ಎಂದಳು ಅಮ್ಮ. “ಉಳಿದಿದ್ದನ್ನ ನೀರು ಬೆರೆಸಿ ಬುಡಕ್ಕೆ ಹಾಕು. ಆ ಬಾಟಲಿ ಕತ್ತರಿಸಿ ಕಸಕ್ಕೆ ಹಾಕ್ತೀನಿ, ಇಲ್ಲಿ ಕೊಡು.”

ಗಡಿಬಿಡಿ ಅಳೆದು ಬೆರೆಸಿದಳು, ಒಂದು ಹನಿಯೂ ಕಾಯಿಗೆ ಸಿಡಿಯದ ಹಾಗೆ ಬುಡಕ್ಕೆ ಹಾಕಿದಳು. ಸೋಪು ಹಚ್ಚಿ ಮೊಣಕೈ ತನಕ ತೊಳೆದುಕೊಂಡಳು. ನಡುನಡುವೆ ಓಡಿಹೋಗಿ ಕೇಳುತ್ತಿದ್ದಳು, “ಮಾವ, ಹೊಟ್ಟೆ ನೋಯ್ತಿದ್ಯಾ?”

“ಹೊಟ್ಟೆ ಸರಿ ಇದೆ. ಕಿವಿಯಲ್ಲಿ ಏನೋ ಚಿಗುರ್ತಿದೆ, ನೋಡು. ಟೊಮೆಟೊ ಇರ್ಬೇಕು.”

ಅವಳಿಗೆ ನಗು ಬರಲಿಲ್ಲ. ಮಾವ ಅವಳ ಜಡೆ ಮೆಲ್ಲಗೆ ಎಳೆದ.

ಸಂಜೆ ಅಮ್ಮ ಒಳಗಿನಿಂದ ಕೂಗಿದಳು, “ಪಿಳ್ಳೆಗೆ ಹಾಲು ಕುಡಿಸು.”

ಅತ್ತು ಅತ್ತು ಸುಸ್ತಾಗಿದ್ದ ಪಿಳ್ಳೆ ಅಕ್ಕನ ತೊಡೆಯ ಮೇಲೆ ಒರಗಿಕೊಂಡಿದ್ದ. ಗಡಿಬಿಡಿ ಹಾಲನ್ನು ಮೂಸಿ ನೋಡಿದಳು. ಬೆರಳಿಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದಳು. ಆಮೇಲೆ ಲೋಟ ಕೊಟ್ಟಳು. ಪಿಳ್ಳೆ ಕಣ್ಣೂ ಬಿಡದೆ ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿಯತೊಡಗಿದ.

“ಒಳಗೇನಿದೆ ಅಂತ ನೋಡೋದೂ ಬೇಡ್ವೇನೋ ನಿಂಗೆ?”

ಪಿಳ್ಳೆ ಒಂದೇ ಒಂದು ಸಲ ಲೋಟದಿಂದ ಬಾಯಿ ತೆಗೆದ. “ನೀನು ಕೊಟ್ಟಿದ್ದಲ್ವಾ,” ಎಂದು ಮತ್ತೆ ಕುಡಿಯತೊಡಗಿದ.

ಅವನು ಕುಡಿದು ಮುಗಿಸುವ ತನಕ ಗಡಿಬಿಡಿ ಲೋಟದ ತಳಕ್ಕೆ ಕೈ ಆನಿಸಿ ಹಿಡಿದುಕೊಂಡು ಕೂತಳು.