ಮಣ್ಣುಮುಕ್ಕನನ್ನು ಆರಿಸಿದ ಕೆಂಚವ್ವ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಕೊಂಬಿನಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಸನಿಗೆ ಒಂದು ಹೂದೋಟ ಮಾಡಿಸಬೇಕೆಂಬ ಆಸೆ ಹುಟ್ಟಿತು. ಆಸೆಗೇನು, ಅರಸರಿಗೆ ದಿನಕ್ಕೊಂದು ಹುಟ್ಟುತ್ತದೆ. ಊರ ಪಡುವಣಕ್ಕೆ ಹುತ್ತಗಳ ಕಾಡೊಂದಿತ್ತು. ಅದೇ ಜಾಗ ಬೇಕೆಂದು ಅದಕ್ಕೆ ಬೆಂಕಿ ಇಡಿಸಿದ. ಮೂರು ದಿನ ಕಾಡು ಉರಿಯಿತು, ಹುತ್ತದೊಳಗಿನ ಹಾವುಗಳೆಲ್ಲ ಬೆಂದುಹೋದವು. ನಾಲ್ಕನೆಯ ದಿನ ಆ ಬೂದಿಯೊಳಗಿಂದ ಒಬ್ಬ ಮಾಂತ್ರಿಕ ಎದ್ದು ಬಂದ. ಅವನ ಹೆಸರು ಬೂದಿಸಿದ್ಧ.

ಬೂದಿಸಿದ್ಧ ಅರಮನೆಯ ಮುಂದೆ ನಿಂತು ಒಂದು ಹಿಡಿ ಬೂದಿ ಗಾಳಿಗೆ ತೂರಿದ. ಅಷ್ಟೇ. ಇದ್ದವರು ಇಬ್ಬರಾದರೆ ಒಬ್ಬರು, ತುಂಬಿದ ಮನೆಯಾದರೆ ನಾಲ್ಕೈದು ಮಂದಿ, ಹೀಗೆ ಊರಿನ ಜನ ಹಾವಾದರು. ಒಂದು ಮನೆಯಲ್ಲಿ ಗಂಡ, ಒಂದು ಮನೆಯಲ್ಲಿ ಸೊಸೆ, ಒಂದು ಮನೆಯಲ್ಲಿ ತೊಟ್ಟಿಲ ಕೂಸು. ಹೊಸ್ತಿಲು ದಾಟಿ ಹರಿದು ಎಲ್ಲವೂ ಪಡುವಣದ ಗುಡ್ಡದ ಕಡೆ ಹೊರಟವು. ಬುಟ್ಟಿ ಹೆಣೆಯುವ ಕೆಂಚವ್ವನ ಮನೆಯಲ್ಲಿ ಇದ್ದವರೇ ಇಬ್ಬರು, ಅವಳು ಮತ್ತು ಅವಳ ಒಬ್ಬಳೇ ಮಗಳು ತುಂಗಿ. ತುಂಗಿ ಬಿದಿರು ಸೀಳುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಇಲ್ಲವಾದಳು. ಕೆಂಚವ್ವ ತಿರುಗಿ ನೋಡುವಷ್ಟರಲ್ಲಿ ಬಾಗಿಲ ಬಳಿ ಬಾಲದ ತುದಿಯೊಂದು ಕಂಡು ಮರೆಯಾಯಿತು. ಯಾವ ಹಾವು, ಯಾವ ಬಣ್ಣ, ಏನೂ ತಿಳಿಯಲಿಲ್ಲ.

ಅರಸ ಮಾಂತ್ರಿಕನ ಕಾಲಿಗೆ ಬಿದ್ದ. ಊರಿಗೂರೇ ಬಿದ್ದಿತು. ಬೂದಿಸಿದ್ಧ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ನಾನು ಯಾರನ್ನೂ ಕೊಲ್ಲುವುದಿಲ್ಲ. ನಿಮ್ಮವರು ಗುಡ್ಡದ ಮೇಲೆ ನನ್ನ ಕಲ್ಲುಮನೆಯಲ್ಲಿ ಹಾವಾಗಿ ಇರುತ್ತಾರೆ. ಯುಗಾದಿಗೊಮ್ಮೆ ಬಾಗಿಲು ತೆರೆಯುತ್ತೇನೆ, ಮನೆಗೊಂದು ಹಾವು ಆರಿಸಿಕೊಂಡು ಹೋಗಿ ಸಾಕಿರಿ. ಮೂರು ವರ್ಷ, ಮೂರು ಸಲ. ಯಾರ ಮನೆಯಲ್ಲಾದರೂ ಸರಿ, ಯಾವ ಹಾವಾದರೂ ಸರಿ, ಒಂದೇ ಒಂದು ಹಾವು ಯುಗಾದಿಯಿಂದ ಯುಗಾದಿಯವರೆಗೆ ಬದುಕಿದರೆ ನನ್ನ ಮಾಯೆ ಮುರಿಯುತ್ತದೆ, ಉಳಿದವರೆಲ್ಲ ಮನುಷ್ಯರಾಗುತ್ತಾರೆ. ಬದುಕದಿದ್ದರೆ ಬಾಗಿಲು ಕಲ್ಲಾಗುತ್ತದೆ. ಅವುಗಳ ವಿಷ ಕಟ್ಟಿದ್ದೇನೆ, ಕಚ್ಚಿದರೂ ನೀವು ಸಾಯುವುದಿಲ್ಲ. ಸಾಯುವುದಾದರೆ ಅವೇ ಸಾಯುತ್ತವೆ, ನಿಮ್ಮ ಕೈಯಲ್ಲಿ.”

ಜನ ಇದನ್ನೆಲ್ಲ ಕಿವಿಯಿಂದ ಕೇಳಿದರು. ಮನಸ್ಸಿಗೆ ಹೋದದ್ದು ಒಂದೇ ಮಾತು: ನಮ್ಮವರು ಅಲ್ಲಿದ್ದಾರೆ. ಉಳಿದದ್ದು ಗಾಳಿಗೆ ಹೋಯಿತು.

ಮೊದಲ ಯುಗಾದಿಗೆ ಊರೆಲ್ಲ ಗುಡ್ಡ ಹತ್ತಿತು. ಕೆಂಚವ್ವ ಹೊಸ ಬುಟ್ಟಿ ಹೆಣೆದು, ಒಳಗೆ ಮಗಳ ಹಳೆಯ ಸೀರೆ ಹಾಸಿಕೊಂಡು ಹೋದಳು. ಕಲ್ಲುಮನೆಯ ಬಾಗಿಲಲ್ಲಿ ಮುದುಕನೊಬ್ಬ ಕೂತಿದ್ದ. ಹಾವುಗಳಿಗೆ ಮೇವು ನೀರು ನೋಡಿಕೊಳ್ಳಲು ಬೂದಿಸಿದ್ಧ ಕಟ್ಟಿಹಾಕಿಕೊಂಡಿದ್ದ ಆಳು ಅವನು, ಹೆಸರು ಹುತ್ತಜ್ಜ. ಯಾವ ಹಾವು ಯಾರೆಂದು ಹೇಳದಂತೆ ಅವನ ಬಾಯಿಗೆ ಮಂತ್ರ ಹಾಕಿತ್ತು. ಸಾಕುವ ರೀತಿ ಹೇಳಲು ಅಡ್ಡಿ ಇರಲಿಲ್ಲ. ಬಂದವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ. ಹಾವು ಸಾಕಿ ಗೊತ್ತಿಲ್ಲದವರು ನೀವು, ಮೊದಲ ಸಲಕ್ಕೆ ಮಣ್ಣುಮುಕ್ಕ ಒಯ್ಯಿರಿ. ಅದು ಸಾಧು ಪ್ರಾಣಿ, ಗಿಡ್ಡ, ಕೋಪವಿಲ್ಲ, ಒಂದು ಗಡಿಗೆ ಮರಳಿದ್ದರೆ ಸಾಕು, ಎಂಟು ದಿನಕ್ಕೊಂದು ಇಲಿ ತಿಂದು ಸುಮ್ಮನೆ ಬಿದ್ದಿರುತ್ತದೆ.

ಯಾರೂ ಒಯ್ಯಲಿಲ್ಲ. ಮಣ್ಣುಮುಕ್ಕ ನೋಡಲು ಮಣ್ಣಿನ ಬಣ್ಣ, ಮೋಟು ಬಾಲ, ಅತ್ತ ತಲೆಯೋ ಇತ್ತ ತಲೆಯೋ ಗೊತ್ತಾಗದು. ಅದು ನೆಕ್ಕಿದರೆ ಮೈಗೆ ತೊನ್ನು ಹತ್ತುತ್ತದೆಂದು ಊರಲ್ಲಿ ನಂಬಿಕೆ ಬೇರೆ. ಅದಕ್ಕೂ ಮೇಲೆ, ತನ್ನ ಮಗ, ತನ್ನ ಗಂಡ ಇಂಥ ಕುರೂಪಿಯಾಗಿರಬಹುದೆಂದು ಯಾರಿಗೆ ತಾನೇ ಅನ್ನಿಸುತ್ತದೆ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಿಜ, ಆದರೆ ಹೆಗ್ಗಣವನ್ನು ಅವರು ಹೆಗ್ಗಣವೆಂದು ನೋಡುವುದಿಲ್ಲ. ಕೆಂಚವ್ವ ನಾಗರಹಾವು ಆರಿಸಿದಳು. “ತುಂಗೀ” ಎಂದು ಕರೆದಾಗ ಅದು ಹೆಡೆ ಎತ್ತಿ ಇವಳ ಕಡೆ ತಿರುಗಿತ್ತು.

ಮನೆಗೆ ತಂದು ಹಾಲು ಇಟ್ಟಳು. ಮಗಳಿಗೆ ಹಾಲು ಅಂದರೆ ಪ್ರಾಣ. ಬೆಳಿಗ್ಗೆ ಬೆಲ್ಲ ಹಾಕಿದ ಹಾಲು, ಸಂಜೆ ಕೆನೆಹಾಲು. ಹಾವು ಮುಟ್ಟಲಿಲ್ಲ. ಹಾಲಿರುವಾಗ ನೀರೇಕೆ ಎಂದು ಇವಳು ನೀರಿಡಲಿಲ್ಲ. ಕೊನೆಗೆ ಬಾಯಾರಿಕೆ ತಾಳಲಾರದೆ ಅದು ಹಾಲನ್ನೇ ಕುಡಿಯಿತು. ಮಗಳು ಕುಡಿದಳೆಂದು ಕೆಂಚವ್ವ ಕುಣಿದಾಡಿದಳು. ಎರಡು ತಿಂಗಳಿಗೆ ಅದರ ಹೊಟ್ಟೆ ಕೆಟ್ಟು, ಮೈ ಬಾಡಿ, ಸತ್ತೇಹೋಯಿತು. ಸತ್ತ ಮೇಲಾದರೂ ಮಗಳ ರೂಪ ಬರಬಹುದೆಂದು ಸಂಜೆಯವರೆಗೆ ಕಾದಳು. ಬರಲಿಲ್ಲ. ಆಗ ಅವಳ ಬಾಯಿಂದ ಬಂದ ಮಾತು: “ಸದ್ಯ. ಇದು ನನ್ನ ಮಗಳಲ್ಲ.”

ಆ ವರ್ಷ ಕೊಂಬಿನಗಿರಿಯ ಮನೆಮನೆಯಲ್ಲೂ ಹಾವು ಸತ್ತವು. ಅರಸ ತಂದ ಹೆಬ್ಬಾವು ಪಾಯಸ ತಿಂದು ಸತ್ತಿತು. ಎಣ್ಣೆಗಾಣದ ಸಂಕವ್ವ ತನ್ನ ಮಗ ಭರಮನೆಂದು ತಂದದ್ದು ತುಪ್ಪದನ್ನದಿಂದ ಸತ್ತಿತು. ಎಲ್ಲರೂ ಹೂಳಿ ಬಂದು ಅದೇ ಮಾತು ಹೇಳಿದರು, ಸದ್ಯ, ನಮ್ಮದಲ್ಲ. ಎಂಥ ಮಾತು ಅದು! ಹೇಳುವಾಗ ನನ್ನ ನಾಲಿಗೆಯೂ ಒಣಗುತ್ತದೆ.

ಎರಡನೆಯ ಯುಗಾದಿಗೆ ಕೆಂಚವ್ವ ಮತ್ತೆ ಹೋದಳು. ಹುತ್ತಜ್ಜ ಮತ್ತೆ ಅದೇ ಹೇಳಿದ. ಅವಳ ಕಣ್ಣು ಒಂದು ಹಸಿರು ಹಾವಿನ ಮೇಲೆ ಬಿತ್ತು. ತುಂಗಿಯ ಕುಪ್ಪಸ ಹಸಿರು. ಬಳುಕುವ ನಡು ತುಂಗಿಯದೇ. ಇದಕ್ಕೆ ಹಲ್ಲಿ, ಸಣ್ಣ ಕಪ್ಪೆ ಬೇಕು, ಬಳ್ಳಿಗಿಡ ಬೇಕು, ಮುಟ್ಟಿದರೆ ಸೊರಗುತ್ತದೆ, ನಿನ್ನ ಕೈಲಿ ಆಗುವುದಲ್ಲ ಎಂದು ಮುದುಕ ಬುದ್ಧಿ ಹೇಳಿದ. ಅವಳು ಕೇಳಲಿಲ್ಲ. ಹಾಲು ಬೇಡವೆನ್ನುವಷ್ಟು ಬುದ್ಧಿ ಬಂದಿತ್ತು, ಆದರೆ ಮಗಳ ಬಾಯಿಗೆ ಹಲ್ಲಿ ಇಡುವಷ್ಟು ಬಂದಿರಲಿಲ್ಲ. ಹಗಲೆಲ್ಲ ತೊಡೆಯ ಮೇಲೆ ಇಟ್ಟುಕೊಂಡಳು. ತಲೆ ಸವರಿದಳು, ಹಾಡು ಹೇಳಿದಳು, ಬಿಟ್ಟರೆ ಓಡಿಹೋದೀತೆಂದು ಕೈಬಿಡಲೇ ಇಲ್ಲ. ಕೊನೆಗೆ ಒಂದು ದಿನ ಕಣ್ಣು ಮುಚ್ಚಿಕೊಂಡು ಕಪ್ಪೆ ಹಿಡಿದು ತಂದಾಗ ಹಾವಿಗೆ ಬಾಯಿ ತೆರೆಯುವ ಶಕ್ತಿ ಇರಲಿಲ್ಲ. ತೊಡೆಯ ಮೇಲೇ ಸತ್ತಿತು. ಈ ಸಲ “ಸದ್ಯ” ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಆಮೇಲೆ ಊರಿಗೆ ಕತ್ತಲು ಕವಿಯಿತು ಅಂದರೂ ಸರಿ. ಅರಸ ಹೊರಗೆ ಬರುವುದನ್ನು ಬಿಟ್ಟ. ಅಂಗಳಕ್ಕೆ ನೀರು ಹಾಕುವವರಿಲ್ಲ, ಮದುವೆಯಿಲ್ಲ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕೆಂಚವ್ವ ಬುಟ್ಟಿ ಹೆಣೆಯುವುದನ್ನು ಬಿಟ್ಟಳು. ಸತ್ತುಹೋಗಬೇಕೆನಿಸಿ ಎರಡು ಸಲ ಬಾವಿಯ ತನಕ ಹೋಗಿ ಬಂದಳು. ಮೂರನೆಯ ಯುಗಾದಿಗೆ ಗುಡ್ಡ ಹತ್ತಿದವಳು ಅವಳೊಬ್ಬಳೇ. ಆಸೆಯಿಂದಲ್ಲ. ಮನೆಯಲ್ಲಿ ಕೂತಿರಲು ಆಗಲಿಲ್ಲ, ಅದಕ್ಕೆ ಹೋದಳು.

“ಅಜ್ಜ, ನನ್ನ ಮಗಳು ಯಾವ್ದು? ಬಾಯಿಬಿಟ್ಟು ಹೇಳಬ್ಯಾಡ, ಕಣ್ಣಾಗೆ ತೋರ್ಸು,” ಎಂದು ಅವನ ಕಾಲು ಹಿಡಿದಳು.

ಹುತ್ತಜ್ಜ ಅವಳ ಕೈ ಬಿಡಿಸಿದ. “ತೋರ್ಸಿದ್ರೆ ಏನ್ ಮಾಡ್ತೀಯವ್ವ? ಎತ್ಕಂಡು ಹೋಗಿ ಪ್ರೀತಿ ಮಾಡ್ತೀಯ. ಒಂದು ವರ್ಷ ಉಳಿಯಕಿಲ್ಲ ಅದು. ನಿಂಗೆ ಮಗಳು ಬೇಕು, ಹಾವು ಬ್ಯಾಡ. ಇಲ್ಲಿರೋದು ಹಾವು.”

ಕೆಂಚವ್ವ ಒಳಗೆ ಹೋಗಿ ನಿಂತಳು. ಸಾಲು ಸಾಲು ಹಾವು. ಇವುಗಳಲ್ಲಿ ಒಂದು ತುಂಗಿ. ಅವಳನ್ನು ಇಲ್ಲೇ ಬಿಟ್ಟು, ಯಾರೋ ಏನೋ ಅನ್ನುವ ಒಂದನ್ನು ಒಯ್ಯಬೇಕು. ಅದು ಸತ್ತರೆ ಮಗಳ ಮೇಲೆ ಕಲ್ಲಿನ ಬಾಗಿಲು ಬೀಳುತ್ತದೆ, ಇನ್ನೊಂದು ಯುಗಾದಿ ಇಲ್ಲ. ಅವಳು ಯಾವ ಹಾವನ್ನೂ ಹೆಸರು ಹಿಡಿದು ಕರೆಯಲಿಲ್ಲ. ಎರಡು ಕೈಯಲ್ಲಿ ಒಂದು ಮಣ್ಣುಮುಕ್ಕನನ್ನು ಎತ್ತಿಕೊಂಡು ಹೊರಗೆ ಬಂದಳು. ಅಳು ತಡೆಯಲಾಗದೆ ಗುಡ್ಡ ಇಳಿಯುವ ತನಕ ಅತ್ತಳು. ಹಿಂದೆ ತಿರುಗಿ ನೋಡಿದರೆ ಮತ್ತೆ ಒಳಗೆ ಓಡಿಬಿಡುತ್ತೇನೆಂದು ನೋಡಲಿಲ್ಲ.

ಹುತ್ತಜ್ಜ ಹೇಳಿದಂತೆಯೇ ಮಾಡಿದಳು. ಅಗಲ ಬಾಯಿಯ ಗಡಿಗೆ, ಅರ್ಧ ಮರಳು, ತೆಂಗಿನ ಚಿಪ್ಪಿನಲ್ಲಿ ನೀರು. ಎಂಟು ದಿನಕ್ಕೊಂದು ಇಲಿ. ಇಲಿ ತಿಂದ ಮೇಲೆ ಮೂರು ದಿನ ಮುಟ್ಟುವ ಹಾಗಿಲ್ಲ. ಹೆಸರಿಡಲಿಲ್ಲ, ಹಾಡು ಹೇಳಲಿಲ್ಲ. ಅದರ ಮೇಲೆ ಅವಳಿಗೆ ಪ್ರೀತಿಯೂ ಹುಟ್ಟಲಿಲ್ಲ, ಸುಳ್ಳೇಕೆ ಹೇಳಲಿ. ತೊನ್ನೂ ಹತ್ತಲಿಲ್ಲ. ಮಳೆಗಾಲ ಕಳೆಯಿತು, ಚಳಿ ಬಂತು, ಹಾವು ಬದುಕಿತ್ತು.

ಬೂದಿಸಿದ್ಧನಿಗೆ ದಿಗಿಲು ಹತ್ತಿದ್ದು ಆಗ. ಮಾಘಮಾಸದಲ್ಲಿ ಮಣ್ಣುಮುಕ್ಕ ಇಲಿ ತಿನ್ನುವುದನ್ನು ನಿಲ್ಲಿಸಿತು, ಕಣ್ಣು ಮಂಜುಗಟ್ಟಿ ಬೆಳ್ಳಗಾಯಿತು. ಕಣ್ಣು ಬೆಳ್ಳಗಾದರೆ ಪೊರೆ ಬಿಡುವ ಹೊತ್ತು, ಏನೂ ಕೊಡಬೇಡ, ಮುಟ್ಟಬೇಡ ಎಂದು ಹುತ್ತಜ್ಜ ಮೊದಲೇ ಹೇಳಿ ಕಳಿಸಿದ್ದ. ಇದೇ ಸಮಯ ನೋಡಿ ಮಾಂತ್ರಿಕ ಆ ಗಡಿಗೆಯೊಳಗೆ ತುಂಗಿಯ ದನಿ ಇಟ್ಟ. ನಡುಮಧ್ಯಾಹ್ನ ಗಡಿಗೆ ಮಾತಾಡಿತು.

“ಅವ್ವಾ, ನಾನೇ ಕಣವ್ವ. ಹೊಟ್ಟೆ ಹಸಿದೈತೆ. ಒಂದು ಗುಟುಕು ಹಾಲು ಕೊಡವ್ವ.”

ಅದು ಮಾಂತ್ರಿಕನ ಕೆಲಸ ಎಂದು ನಿಮಗೆ ನಾನು ಹೇಳುತ್ತಿದ್ದೇನೆ. ಕೆಂಚವ್ವನಿಗೆ ಹೇಳುವವರು ಯಾರು? ಎದ್ದು ಓಡಿ ಪಕ್ಕದ ಮನೆಯಿಂದ ಹಾಲು ತಂದಳು. ಬಟ್ಟಲನ್ನು ಗಡಿಗೆಯ ಬಾಯಿಗೆ ತಂದು ಒಳಗೆ ನೋಡಿದಳು. ದನಿ ಮಗಳದು. ಮೈ ಹಾವಿನದು. ಮಗಳೇ ಆಗಿದ್ದರೂ, ಆಗಿರದಿದ್ದರೂ, ಈ ಹಾಲು ಹೋಗುವುದು ಹಾವಿನ ಹೊಟ್ಟೆಗೆ. ಬಟ್ಟಲನ್ನು ಹಿಂದಕ್ಕೆ ತೆಗೆದು ಹಿತ್ತಲಲ್ಲಿ ಚೆಲ್ಲಿದಳು. ದನಿ ಮೂರು ದಿನ ಕರೆಯಿತು. ಬೇಡಿತು, ಬೈಯಿತು, ನೀನು ತಾಯಿಯೇ ಅಲ್ಲ ಎಂದಿತು. ಕೆಂಚವ್ವ ಗೋಡೆಗೆ ತಲೆ ಚಚ್ಚಿಕೊಂಡಳು, ಉಣ್ಣಲಿಲ್ಲ, ಆದರೆ ಗಡಿಗೆಗೆ ಕೈ ಹಾಕಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮರಳಿನ ಮೇಲೆ ಉದ್ದಕ್ಕೆ ಪೊರೆ ಬಿದ್ದಿತ್ತು. ಹಾವಿನ ಕಣ್ಣು ತಿಳಿಯಾಗಿತ್ತು. ದನಿ ನಿಂತಿತ್ತು.

ಯುಗಾದಿಯ ಸೂರ್ಯ ಹುಟ್ಟುತ್ತಲೇ ಗಡಿಗೆ ಒಡೆಯಿತು. ಅದರಿಂದ ಎದ್ದದ್ದು ಕಂಬಾರ ದೊಡ್ಡೀರ, ಕೆಳಗೇರಿಯವನು, ನಲವತ್ತು ದಾಟಿದ ಗಂಡಸು. ಗುಡ್ಡದ ಮೇಲೆ ಬೂದಿಸಿದ್ಧ ನಿಂತಲ್ಲೇ ಬೂದಿಯಾಗಿ ಉದುರಿದ. ಕಲ್ಲುಮನೆಯ ಬಾಗಿಲು ತೆರೆದು ಜನ ಹೊರಗೆ ಬಂದರು. ಕೆಂಚವ್ವ ಊರಿನವರ ಜೊತೆ ಓಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಬಂದ ಮೇಲೆ, ಕೊನೆಗೆ, ಕಣ್ಣಿಗೆ ಬಿಸಿಲು ತಾಗದಂತೆ ಕೈ ಅಡ್ಡ ಹಿಡಿದುಕೊಂಡು ತುಂಗಿ ಬಂದಳು.

ತಾಯಿ ಮಗಳು ಅಪ್ಪಿಕೊಂಡದ್ದನ್ನು ನಾನು ಹೇಳಬೇಕಿಲ್ಲ. ಬಿಟ್ಟ ಮೇಲೆ ನೋಡಿದರೆ, ಬಾಗಿಲ ಮುಂದೆ ಇನ್ನೂ ಅರ್ಧ ಊರು ನಿಂತಿತ್ತು. ಒಳಗೆ ಯಾರೂ ಉಳಿದಿರಲಿಲ್ಲ. ಆದರೂ ಅವರು ನಿಂತೇ ಇದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಮ್ಮದಲ್ಲ, ನಮ್ಮದಲ್ಲ ಎಂದು ಹೂಳಿದ ಒಂದೊಂದು ಹಾವೂ ಯಾರದೋ ಆಗಿತ್ತೆಂದು ಆ ಬಿಸಿಲಲ್ಲಿ ಒಬ್ಬೊಬ್ಬರಿಗೂ ಅರ್ಥವಾಗುತ್ತಿತ್ತು.

ಕೆಂಚವ್ವ ಮೆಲ್ಲಗೆ ಮಗಳನ್ನು ಕೇಳಿದಳು, ಮೊದಲ ವರ್ಷ ತಾನು ತಂದ ನಾಗರ ಯಾರೆಂದು. ಒಳಗಿದ್ದವರಿಗೆ ಒಬ್ಬರ ಗುರುತು ಒಬ್ಬರಿಗೆ ಇತ್ತು. ತುಂಗಿ ತಲೆ ತಗ್ಗಿಸಿ, ಭರಮ ಎಂದಳು. ಹಸಿರು ಹಾವು ಕುರಿಹಟ್ಟಿಯ ನಿಂಗಿ, ಮದುವೆ ಗೊತ್ತಾಗಿದ್ದ ಹುಡುಗಿ.

ಸಂಕವ್ವ ಬಾಗಿಲ ಎದುರಿನ ಬಂಡೆಯ ಮೇಲೆ ಕೂತಿದ್ದಳು. ಮಗಳ ಕೈ ಹಿಡಿದುಕೊಂಡು ಮನೆಗೆ ಹೋಗಿಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಊರನ್ನು ಉಳಿಸಿದವಳು ಎಂದು ಅರಸ ಮಾಲೆ ಹಿಡಿದು ಬೇರೆ ಕಾಯುತ್ತಿದ್ದ. ಕೆಂಚವ್ವ ಮಗಳ ಕೈ ಬಿಟ್ಟು ಬಂಡೆಯ ಹತ್ತಿರ ಹೋಗಿ ನೆಲದ ಮೇಲೆ ಕೂತಳು.

“ಅಕ್ಕಾ, ನಿನ್ನ ಭರಮ ನನ್ನ ಮನೆಯಾಗಿದ್ದ. ಹಾಲು ಕುಡ್ಸಿ ನಾನೇ ಕೊಂದೆ.”

ಸಂಕವ್ವ ಅವಳ ಮುಖವನ್ನೇ ನೋಡುತ್ತ ಕೂತಳು. ಹೊಡೆಯುತ್ತಾಳೆಂದು ಕೆಂಚವ್ವ ಕಾದಳು. ಹೊಡೆದಿದ್ದರೆ ಚೆನ್ನಾಗಿತ್ತು. ಸಂಕವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ನನ್ನ ಕೈಯಾಗೂ ಎರಡು ಸತ್ತಾವೆ,” ಎಂದಳು. “ಅವು ಯಾರು ಅಂತ ನಿನ್ನ ಮಗಳಿಗೆ ಗೊತ್ತಿದ್ರೆ ಹೇಳ್ಸು. ನಾನೂ ಅವರ ಮನೆಗೆ ಹೋಗ್ಬೇಕು.”

ಆ ಯುಗಾದಿಯ ದಿನ ಕೊಂಬಿನಗಿರಿಯಲ್ಲಿ ಯಾರ ಮನೆಯಲ್ಲೂ ಹೋಳಿಗೆ ಬೇಯಲಿಲ್ಲ. ಈ ಮನೆಯವರು ಆ ಮನೆಗೆ, ಆ ಮನೆಯವರು ಇನ್ನೊಂದು ಮನೆಗೆ, ಸಂಜೆಯವರೆಗೂ ನಡೆದಾಡಿದರು. ಆಮೇಲೆ ಎಲ್ಲರೂ ಸುಖವಾಗಿದ್ದರು ಎಂದು ನನಗೆ ಕತೆ ಹೇಳಿಕೊಟ್ಟವರು ಹೇಳುತ್ತಿದ್ದರು. ಎಷ್ಟು ವರ್ಷದ ಮೇಲೆ ಎಂದು ನಾನು ಕೇಳಿದ್ದೆ. ಅವರಿಗೂ ಗೊತ್ತಿರಲಿಲ್ಲ.